ಮೊದಲ ವರ್ಷ ಸಿಜಿಪಿಎ ಬಿದ್ದರೆ ಲಾ ಫರ್ಮ್ ಬಾಗಿಲು ಮುಚ್ಚುತ್ತಾ? ಕ್ಯಾಲೆಂಡರ್ ಹೇಳುವ ಲೆಕ್ಕ

ಕಾನೂನು ಓದುತ್ತಿರುವ ಕಿರಿಯರ ಸಿವಿ ನೋಡಿಕೊಡುವ ಕೆಲಸ ವರ್ಷಕ್ಕೆ ಒಂದೆರಡು ಸಲ ನನ್ನ ಪಾಲಿಗೆ ಬರುತ್ತೆ. ಸಿವಿ ಜೊತೆ ಒಂದು ಪ್ರಶ್ನೆಯೂ ಬರುತ್ತೆ. "ಅಕ್ಕಾ, ಫಸ್ಟ್ ಇಯರ್ ಸಿಜಿಪಿಎ 5 ಬಂದಿದೆ. ಇನ್ನು ಫರ್ಮ್ ಆಸೆ ಬಿಟ್ಟುಬಿಡ್ಲಾ?"

ಮನೆಯವರು, ಗೆಳೆಯರು "ಅಂಕದಲ್ಲೇನಿದೆ, ಬಿಡು" ಅಂತಾರೆ. ಪ್ಲೇಸ್‌ಮೆಂಟ್ ಕಮಿಟಿಯಲ್ಲಿ ಕೂತು ಬಂದ ಸೀನಿಯರ್‌ಗಳು "ಕಷ್ಟ ಇದೆ" ಅಂತಾರೆ. ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ಕೆಲವು ಬಾಗಿಲು ನಿಜಕ್ಕೂ ಅರ್ಧ ಮುಚ್ಚಿಕೊಳ್ಳುತ್ತವೆ. ಕೆಲವಕ್ಕೆ ಈ ಅಂಕ ಬೇಕೇ ಇಲ್ಲ. ಆದರೆ ಯಾವುದು ಯಾಕೆ ಮುಚ್ಚುತ್ತೆ, ತೆರೆದಿರೋ ಬಾಗಿಲೊಳಗೆ ಕಾಲಿಡಲು ಯಾರ ಬಳಿ ಎಷ್ಟು ದುಡ್ಡಿರಬೇಕು ಅನ್ನೋದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ವಕೀಲಿಕೆಗೆ ಯಾರು ಬರ್ತಾರೆ, ನಾಳೆ ನ್ಯಾಯಾಧೀಶರ ಕುರ್ಚಿಯಲ್ಲಿ ಯಾರು ಕೂರ್ತಾರೆ ಅನ್ನೋದು ಇಲ್ಲೇ ಭಾಗಶಃ ತೀರ್ಮಾನವಾಗುತ್ತೆ. ಹಾಗಾಗಿ ಇದನ್ನು ಬರೀ ಕೆರಿಯರ್ ಟಿಪ್ಸ್ ವಿಚಾರ ಅಂದುಕೊಂಡು ಬಿಡೋ ಹಾಗಿಲ್ಲ.

ಮೊದಲು ಕೆಲಸ ಯಾವುದು ಅಂತ ನೋಡೋಣ. "ಫರ್ಮ್" ಅಂದಾಗ ಕಾನೂನು ವಿದ್ಯಾರ್ಥಿಗಳ ತಲೆಯಲ್ಲಿರೋದು ಬೆರಳೆಣಿಕೆಯ ದೊಡ್ಡ ಕಾರ್ಪೊರೇಟ್ ಸಂಸ್ಥೆಗಳು: ಸಿರಿಲ್ ಅಮರ್‌ಚಂದ್, ಶಾರ್ದೂಲ್ ಅಮರ್‌ಚಂದ್ (2015ರವರೆಗೆ ಇವೆರಡೂ ಒಂದೇ ಸಂಸ್ಥೆ, ಅಣ್ಣತಮ್ಮಂದಿರು ಪಾಲಾಗಿ ಎರಡಾಯಿತು), ಎಝೆಡ್‌ಬಿ, ಖೇತಾನ್, ಟ್ರೈಲೀಗಲ್. ಕಂಪನಿಗಳ ವಿಲೀನ, ಷೇರು ಮಾರಾಟ, ಬ್ಯಾಂಕ್ ಸಾಲ, ಮಧ್ಯಸ್ಥಿಕೆ ಇವರ ಕಸುಬು. ಈಗಷ್ಟೇ ಪದವಿ ಮುಗಿಸಿದವರಿಗೂ ಇಲ್ಲಿ ವರ್ಷಕ್ಕೆ 15 ಲಕ್ಷ ರೂಪಾಯಿಗಿಂತ ಹೆಚ್ಚು ಸಂಬಳ ಸಿಗುತ್ತೆ. ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಈಗ ವರ್ಷದ ಶುಲ್ಕವೇ ಮೂರು ಲಕ್ಷ ದಾಟಿದೆ. ಅಷ್ಟು ಶುಲ್ಕಕ್ಕೆ ಶಿಕ್ಷಣ ಸಾಲ ಮಾಡಿ ಬಂದ ಹುಡುಗಿಗೆ ಆ ಸಂಬಳದ ಅಂಕಿ ಶೋಕಿ ಅಲ್ಲ, ಸಾಲ ತೀರಿಸೋ ದಾರಿ.

ಈ ಸಂಸ್ಥೆಗಳು ಜನರನ್ನು ತಗೊಳ್ಳೋದು ಹೆಚ್ಚಾಗಿ ಎರಡು ರೀತಿಯಲ್ಲಿ. ಒಂದು "ಡೇ ಝೀರೋ", ಅಂದರೆ ಕ್ಯಾಂಪಸ್ ನೇಮಕಾತಿಯ ಮೊಟ್ಟಮೊದಲ ದಿನ. ಇದನ್ನು ನಡೆಸೋದು ಬಹುತೇಕ ವಿದ್ಯಾರ್ಥಿಗಳದ್ದೇ ಸಮಿತಿ. ಬೆಂಗಳೂರು, ಹೈದರಾಬಾದ್, ಕೋಲ್ಕತ್ತದಂತಹ ಹಳೆಯ ರಾಷ್ಟ್ರೀಯ ಕಾನೂನು ಶಾಲೆಗಳಲ್ಲಿ ಆ ದಿನ ದೊಡ್ಡ ಫರ್ಮ್‌ಗಳೆಲ್ಲ ಸಾಲಾಗಿ ಬರುತ್ತವೆ. ಇನ್ನೊಂದು ಇಂಟರ್ನ್‌ಶಿಪ್ ದಾರಿ. ರಜೆಯಲ್ಲಿ ಒಂದು ತಿಂಗಳು ಕೆಲಸ ಮಾಡಿಸಿ ನೋಡಿ, ಹಿಡಿಸಿದರೆ ಅಲ್ಲೇ "ಪಿಪಿಒ" ಕೊಡ್ತಾರೆ, ಅಂದರೆ ಕ್ಯಾಂಪಸ್‌ಗೆ ಬರೋದಕ್ಕೂ ಮುಂಚೆಯೇ ಕೆಲಸದ ಭರವಸೆ. ಎರಡೂ ದಾರಿಯಲ್ಲಿ ಮೊದಲ ಜರಡಿ ಒಂದೇ: ಸಿಜಿಪಿಎ. ಸಂದರ್ಶನದ ಕೋಣೆಯೊಳಗೆ ಹೋದಮೇಲೆ ಮಾತು, ಬರಹ, ಚುರುಕುತನ ಎಲ್ಲ ಕೆಲಸಕ್ಕೆ ಬರುತ್ತವೆ. ಕೋಣೆಯೊಳಗೆ ಯಾರು ಹೋಗಬೇಕು ಅನ್ನೋದನ್ನು ಮಾತ್ರ ಆ ಸಂಖ್ಯೆ ನಿರ್ಧರಿಸುತ್ತೆ.

ಇದರಲ್ಲಿ ಮೊದಲ ವರ್ಷಕ್ಕೇ ಯಾಕೆ ಇಷ್ಟು ಮಹತ್ವ? ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ.

ಹತ್ತು ಅಂಕದ ಮಾಪನ, ಎಲ್ಲ ವರ್ಷಕ್ಕೂ ಸಮಾನ ತೂಕ ಅಂತಿಟ್ಟುಕೊಳ್ಳಿ. ಮೊದಲ ವರ್ಷ ನಿಮಗೆ 5 ಬಂದಿದೆ. ಫರ್ಮ್ ಕೇಳೋದು 7. ಐದೂ ವರ್ಷ ಮುಗಿದಮೇಲೆ ನೇಮಕಾತಿ ನಡೆದರೆ, ಉಳಿದ ನಾಲ್ಕು ವರ್ಷ ಸರಾಸರಿ 7.5 ತೆಗೆದರೆ ಸಾಕು. ಆಗದ ಮಾತೇನಲ್ಲ. ಮೂರು ವರ್ಷದ ಅಂಕ ನೋಡಿ ನೇಮಕಾತಿ ಮಾಡಿದರೆ ಎರಡನೇ, ಮೂರನೇ ವರ್ಷ ಸರಾಸರಿ 8 ಬೇಕು. ಅದಕ್ಕೆ ತರಗತಿಯ ಮುಂಚೂಣಿಯಲ್ಲಿರಬೇಕು. ಎರಡನೇ ವರ್ಷದ ಕೊನೆಗೇ ಪಟ್ಟಿ ತಯಾರಾದರೆ ಒಂದೇ ವರ್ಷದಲ್ಲಿ 9 ತೆಗೆಯಬೇಕು. ಎಷ್ಟೋ ಕಾಲೇಜುಗಳಲ್ಲಿ ಅಷ್ಟು ಯಾರಿಗೂ ಬರೋದಿಲ್ಲ. ಇನ್ನು ಎರಡನೇ ವರ್ಷದ ಶುರುವಿನಲ್ಲೇ ಮುಂದಿನ ರಜೆಯ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದರೆ? ಆಗ ನಿಮ್ಮ ಸಿಜಿಪಿಎ ಅಂದರೆ ಮೊದಲ ವರ್ಷದ ಅಂಕವೇ, ಬೇರೇನೂ ಇಲ್ಲ.

ವಿದ್ಯಾರ್ಥಿ ಅದೇ, ಅಂಕ ಅದೇ. ಬದಲಾಗಿದ್ದು ತಾರೀಖು ಮಾತ್ರ. ನೇಮಕಾತಿ ಎಷ್ಟು ಬೇಗ ಆದರೆ ಮೊದಲ ವರ್ಷ ಅಷ್ಟು ಭಾರ ಆಗುತ್ತೆ. ದೊಡ್ಡ ಫರ್ಮ್‌ಗಳು ಒಂದನ್ನೊಂದು ಹಿಂದಿಕ್ಕಲು ದಿನವನ್ನು ಮುಂಚೆ ಮುಂಚೆ ಎಳೆಯುತ್ತಲೇ ಇರುತ್ತವೆ. ಇನ್ನೊಬ್ಬರು ಒಳ್ಳೆಯವರನ್ನು ಆರಿಸಿಕೊಂಡು ಹೋಗಿಬಿಟ್ಟರೆ ಅನ್ನೋ ಭಯ ಅವರಿಗೆ. ಸಂತೆಗೆ ಬೆಳಗಿನ ಜಾವಕ್ಕೇ ಬಂದು ಮೂಟೆ ಬಿಚ್ಚುವ ಮುಂಚೆಯೇ ದರ ಕೂಗುವ ದಲ್ಲಾಳಿಗಳ ಹಾಗೆ.

ಇಂಟರ್ನ್‌ಶಿಪ್ ವಿಚಾರದಲ್ಲಿ ಇದು ಸರಪಳಿ ಆಗಿಬಿಡುತ್ತೆ. ಎರಡನೇ ವರ್ಷ ಒಳ್ಳೆಯ ಫರ್ಮ್‌ನಲ್ಲಿ ಇಂಟರ್ನ್ ಆದವರಿಗೆ ಮೂರನೇ ವರ್ಷ ಇನ್ನೂ ಒಳ್ಳೆಯ ಕಡೆ ಸಿಗುತ್ತೆ, ನಾಲ್ಕನೇ ವರ್ಷ ಪಿಪಿಒ. ಮೊದಲ ಕೊಂಡಿ ತಪ್ಪಿದವರ ಸಿವಿಯಲ್ಲಿ ಮುಂದಿನ ಕೊಂಡಿಗೆ ತೋರಿಸಲು ಏನೂ ಇರೋಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಐದು ವರ್ಷದ ಕೋರ್ಸಿನವರು ಒಟ್ಟು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಆದರೆ ಆ ವಾರಗಳು ಎಲ್ಲಿ ಸಿಗುತ್ತವೆ ಅನ್ನೋದು ಪರಿಚಯ ಮತ್ತು ಅಂಕ ಎರಡಕ್ಕೇ ಬಿಟ್ಟಿದ್ದು. ಸೋದರಮಾವ ಹೈಕೋರ್ಟಿನಲ್ಲಿ ಸೀನಿಯರ್ ಆಗಿದ್ದರೆ 5 ಬಂದವರಿಗೂ ಜಾಗ ಸಿಗುತ್ತೆ, ಅದು ಬೇರೆ ಮಾತು.

ಅಮೆರಿಕದಲ್ಲಿ ಹುಟ್ಟಿದ ರೋಗ

ಈ ಓಟದ ಪರಾಕಾಷ್ಠೆ ನೋಡಬೇಕಾದರೆ ಅಮೆರಿಕದ ಕಡೆ ತಿರುಗಬೇಕು. ನಮ್ಮ ರಾಷ್ಟ್ರೀಯ ಕಾನೂನು ಶಾಲೆಗಳ ಕಲ್ಪನೆಗೆ ಮಾದರಿ ಅಲ್ಲಿಯದೇ. 1980ರ ದಶಕದಲ್ಲಿ ಮಾಧವ ಮೆನನ್ ನಾಗರಭಾವಿಯ ಸಂಸ್ಥೆಯನ್ನು ಕಟ್ಟುವಾಗ "ಪೂರ್ವದ ಹಾರ್ವರ್ಡ್" ಅನ್ನೋ ಮಾತು ಜೊತೆಗೇ ಅಂಟಿಕೊಂಡಿತು.

ಅಲ್ಲಿ ಕಾನೂನು ಪದವಿ ಮೂರು ವರ್ಷ. ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ವಿಷಯಗಳು: ಕರಾರು, ಟಾರ್ಟ್, ಆಸ್ತಿ, ಸಿವಿಲ್ ಪ್ರಕ್ರಿಯೆ, ಅಪರಾಧ ಕಾನೂನು, ಸಂವಿಧಾನ. ಒಂದು ವಿಷಯಕ್ಕೆ ಸೆಮಿಸ್ಟರಿನ ಕೊನೆಗೆ ಮೂರ್ನಾಲ್ಕು ಗಂಟೆಯ ಒಂದೇ ಪರೀಕ್ಷೆ, ಗ್ರೇಡ್ ಬಹುಪಾಲು ಅದರ ಮೇಲೇ. ಅದೂ "ಕರ್ವ್" ಮೇಲೆ. ಎ ಇಷ್ಟು ಜನಕ್ಕೆ, ಬಿ ಇಷ್ಟು ಜನಕ್ಕೆ ಅಂತ ಮೊದಲೇ ಪಾಲು ಹಾಕಿರ್ತಾರೆ. ತರಗತಿಯಲ್ಲಿ ಎಲ್ಲರೂ ಚೆನ್ನಾಗಿ ಬರೆದರೂ ಯಾರಾದರೂ ಕೆಳಗೆ ಬೀಳಲೇಬೇಕು. ದೊಡ್ಡ ಫರ್ಮ್‌ಗಳಿಗೆ ಸೇರುವ ಹೆದ್ದಾರಿ ಅಂದರೆ ಎರಡನೇ ವರ್ಷ ಮುಗಿದಮೇಲಿನ ಬೇಸಿಗೆ ಕೆಲಸ. ಅದರ ಸಂದರ್ಶನಗಳು ಸಾಂಪ್ರದಾಯಿಕವಾಗಿ ಎರಡನೇ ವರ್ಷ ಶುರುವಾಗುವ ಹೊತ್ತಿಗೆ, ಆಗಸ್ಟ್ ಆಸುಪಾಸಿನಲ್ಲಿ ನಡೀತಿದ್ದವು. ಅಂದರೆ ಆಗ ಕೈಯಲ್ಲಿರುತ್ತಿದ್ದದ್ದು ಮೊದಲ ವರ್ಷದ ಎರಡು ಸೆಮಿಸ್ಟರ್ ಅಂಕ ಮಾತ್ರ. 2023ರ ಕೊನೆಯಿಂದ ಅಲ್ಲಿನ ದೊಡ್ಡ ಫರ್ಮ್‌ಗಳಲ್ಲಿ ಹೊಸಬರ ಮೂಲ ಸಂಬಳ ವರ್ಷಕ್ಕೆ 2,25,000 ಡಾಲರ್. ಆ ಹಣಕ್ಕೂ ನಿಮಗೂ ನಡುವೆ ಏಳೆಂಟು ಪರೀಕ್ಷೆ.

ಮುಂದಾಗಿದ್ದು ಇನ್ನೂ ಸ್ವಾರಸ್ಯ. ಫರ್ಮ್‌ಗಳು, ಕಾಲೇಜುಗಳು ಸೇರಿ ಮಾಡಿಕೊಂಡಿದ್ದ ನ್ಯಾಲ್ಪ್ ಅನ್ನೋ ಒಕ್ಕೂಟ ಇಂಥ ದಿನದ ಮೊದಲು ವಿದ್ಯಾರ್ಥಿಗಳನ್ನು ಸಂಪರ್ಕಿಸಬಾರದು ಅನ್ನೋ ನಿಯಮಗಳನ್ನು ಇಟ್ಟಿತ್ತು. 2018ರ ಡಿಸೆಂಬರಿನಲ್ಲಿ ಆ ಕಟ್ಟುಪಾಡು ತೆಗೆದು ಬರೀ ಮಾರ್ಗಸೂಚಿ ಉಳಿಸಿಕೊಂಡಿತು. ಬೇಲಿ ಹೋಗಿದ್ದೇ ತಡ, ಎಲ್ಲರೂ ಹೊಲಕ್ಕೆ ನುಗ್ಗಿದರು. ಈಗ ಎಷ್ಟೋ ಫರ್ಮ್‌ಗಳು ಕಾಲೇಜಿನ ಅಧಿಕೃತ ಸಂದರ್ಶನಕ್ಕೆ ಕಾಯೋದೇ ಇಲ್ಲ. ಮೊದಲ ವರ್ಷದ ಎರಡನೇ ಸೆಮಿಸ್ಟರ್ ನಡೆಯುತ್ತಿರುವಾಗಲೇ ನೇರ ಅರ್ಜಿ ತಗೊಳ್ಳುತ್ತವೆ. ಆಗ ಲೆಕ್ಕಕ್ಕೆ ಬರೋದು ಒಂದೇ ಸೆಮಿಸ್ಟರಿನ ಮೂರ್ನಾಲ್ಕು ಪರೀಕ್ಷೆ. ಕಾನೂನು ಅಂದರೇನು ಅಂತ ತಿಳಿಯೋ ಹೊತ್ತಿಗೆ ತೀರ್ಪು ಬಂದಾಗಿರುತ್ತೆ.

ಇದರಿಂದ ತಪ್ಪಿಸಿಕೊಂಡವರೂ ಇದ್ದಾರೆ. ಯೇಲ್‌ನಲ್ಲಿ ಮೊದಲ ಸೆಮಿಸ್ಟರಿಗೆ ಗ್ರೇಡೇ ಇಲ್ಲ, ಪಾಸ್ ಅಥವಾ ಫೇಲ್ ಅಷ್ಟೇ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಕೂಡ 2008–09ರ ಸುಮಾರಿಗೆ ಎ, ಬಿ, ಸಿ ಬಿಟ್ಟು ಆನರ್ಸ್, ಪಾಸ್ ಅನ್ನೋ ಸ್ಥೂಲ ವ್ಯವಸ್ಥೆಗೆ ಬಂದವು. ಅಲ್ಲಿನ ಪದವೀಧರರಿಗೆ ಕೆಲಸಕ್ಕೇನೂ ಕೊರತೆ ಆಗಲಿಲ್ಲ. ಅಂದರೆ ಗ್ರೇಡ್ ಇಲ್ಲದಿದ್ದರೆ ಫರ್ಮ್‌ಗಳು ಕುರುಡಾಗಿಬಿಡುತ್ತವೆ ಅನ್ನೋ ವಾದ ಪೊಳ್ಳು. ಆದರೆ ಇನ್ನೊಂದು ಮಾತೂ ಇದೆ. ಗ್ರೇಡ್ ಬಿಡುವ ಸುಖ ಇರೋದು ಹೆಸರಿದ್ದವರಿಗೆ. ಕಾಲೇಜಿನ ಹೆಸರೇ ಗ್ರೇಡ್ ಆಗಿರುವಾಗ ಅಂಕ ಯಾಕೆ ಬೇಕು? ಹೆಸರಿಲ್ಲದ ಕಾಲೇಜಿನ ಹುಡುಗ ಮಾತ್ರ ತನ್ನ ತರಗತಿಯ ಮೇಲಿನ ಹತ್ತನೇ ಒಂದು ಭಾಗದಲ್ಲಿದ್ದೇನೆ ಅಂತ ಸಾಬೀತು ಮಾಡುತ್ತಲೇ ಇರಬೇಕು.

ಈ ಮಾತನ್ನು ನೆನಪಿಟ್ಟುಕೊಂಡೇ ವಾಪಸ್ ನಮ್ಮಲ್ಲಿಗೆ ಬರೋಣ.

ಮೊದಲ ವರ್ಷದ ಅಂಕ ಅಳೆಯೋದು ಏನನ್ನ?

ರಾಷ್ಟ್ರೀಯ ಕಾನೂನು ಶಾಲೆಗೆ ಬರೋ ದಾರಿ ಕ್ಲ್ಯಾಟ್ ಪರೀಕ್ಷೆ. ಎರಡು ಗಂಟೆ, 120 ಪ್ರಶ್ನೆ, ಇಂಗ್ಲಿಷಿನಲ್ಲಿ ಮಾತ್ರ. ಅರ್ಜಿ ಶುಲ್ಕವೇ ನಾಲ್ಕು ಸಾವಿರ, ಪರಿಶಿಷ್ಟರಿಗೆ ಮೂರೂವರೆ ಸಾವಿರ. ಪ್ರಾದೇಶಿಕ ಭಾಷೆಗಳಲ್ಲೂ ಪರೀಕ್ಷೆ ನಡೆಸಿ ಅಂತ 2023ರಲ್ಲಿ ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಹೋಗಿತ್ತು. ಇಂಥ ಜರಡಿ ದಾಟಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬಳು ಸಿಂಧನೂರಿಂದಲೋ ಹಾನಗಲ್‌ನಿಂದಲೋ ಬಂದಳು ಅಂತಿಟ್ಟುಕೊಳ್ಳಿ. ಅವಳು ದಡ್ಡಿ ಆಗಿರಲಿಕ್ಕೆ ಸಾಧ್ಯವೇ ಇಲ್ಲ.

ಮೊದಲ ವರ್ಷ ಅವಳ ಮುಂದೆ ಬರೋದೇನು? ಕಾನೂನಿನ ಜೊತೆ ಇತಿಹಾಸ, ಸಮಾಜಶಾಸ್ತ್ರ, ರಾಜಕೀಯಶಾಸ್ತ್ರ, ಅರ್ಥಶಾಸ್ತ್ರ. ಪ್ರತಿ ವಿಷಯಕ್ಕೂ ಪ್ರಾಜೆಕ್ಟು, ಅಂದರೆ ಅಡಿಟಿಪ್ಪಣಿ ಸಮೇತ ಇಂಗ್ಲಿಷಿನಲ್ಲಿ ಸಂಶೋಧನಾ ಪ್ರಬಂಧ. ಆಮೇಲೆ ಅದರ ಮೇಲೆ ವೈವಾ. ಪಕ್ಕದಲ್ಲಿ ಕೂತವನು ಡೆಹ್ರಾಡೂನಿನಲ್ಲೋ ದೆಹಲಿಯಲ್ಲೋ ಓದಿದವನು, ಶಾಲೆಯಲ್ಲೇ ಡಿಬೇಟು, ಮಾದರಿ ಸಂಸತ್ತು ಆಡಿ ಬಂದವನು. ಪ್ರಬಂಧದ ಮೊದಲ ಪ್ಯಾರಾದಲ್ಲಿ ವಾದವನ್ನು ಮಂಡಿಸಬೇಕು, ಆಮೇಲೆ ಸಮರ್ಥಿಸಬೇಕು ಅನ್ನೋದು ಅವನಿಗೆ ಒಂಬತ್ತನೇ ಕ್ಲಾಸಿನಲ್ಲೇ ಗೊತ್ತು. ಇವಳಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. "ಕನ್ಸಿಡರೇಷನ್" ಅನ್ನೋ ಪದಕ್ಕೆ ಕರಾರು ಕಾನೂನಿನಲ್ಲಿ "ಪ್ರತಿಫಲ" ಅನ್ನೋ ಅರ್ಥ ಇದೆ ಅಂತ ತಿಳಿಯೋಕೇ ಒಂದು ತಿಂಗಳು ಹಿಡಿಯುತ್ತೆ. ತಿಳಿದಮೇಲೆ ಅವಳಿಗೆ ಅದು ಕಷ್ಟವೇ ಅಲ್ಲ. ಸಾಲಪತ್ರ, ಜಮೀನು ಕ್ರಯ, ಗೇಣಿ ನೋಡುತ್ತಲೇ ಬೆಳೆದವಳು ಅವಳು. ಆದರೆ ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತೆ.

ಹಾಗಾಗಿ ಮೊದಲ ವರ್ಷದ ಅಂಕ ಕಾನೂನಿನ ಕೌಶಲವನ್ನು ಸ್ವಲ್ಪ ಅಳೆಯುತ್ತೆ, ಓಟ ಎಲ್ಲಿಂದ ಶುರುವಾಯಿತು ಅನ್ನೋದನ್ನು ಬಹಳ ಅಳೆಯುತ್ತೆ. ಸರಾಸರಿಯೊಳಗೆ ಸೇರಿಕೊಂಡ ಮೇಲೆ ಈ ವ್ಯತ್ಯಾಸ ಅಳಿಸಿಯೇ ಹೋಗುತ್ತೆ. 5, 7, 9 ತೆಗೆದವಳ ಸಿಜಿಪಿಎ 7. ಮೂರೂ ವರ್ಷ 7 ತೆಗೆದವನದೂ 7. 9, 7, 5ಕ್ಕೆ ಇಳಿದವನದೂ 7. ನನ್ನನ್ನು ಕೇಳಿದರೆ ಮೊದಲನೆಯವಳನ್ನು ಮರುಮಾತಿಲ್ಲದೆ ಕೆಲಸಕ್ಕೆ ತಗೋಬೇಕು. ಆದರೆ ಎರಡನೇ ವರ್ಷದ ಕೊನೆಗೇ ಪಟ್ಟಿ ಮಾಡುವ ಫರ್ಮ್‌ಗೆ ಕಾಣೋದು ಬೇರೆ: ಅವಳದು 6, ಇಳಿಯುತ್ತಿರುವವನದು 8.

ಇದೇ ಜಾಗದಲ್ಲಿ ಜಾತಿಯೂ ಬರುತ್ತೆ, ಯಾರೂ ಹೆಸರು ಹೇಳೋದಿಲ್ಲ ಅಷ್ಟೇ. ಮೀಸಲಾತಿ ಪ್ರವೇಶದ ಬಾಗಿಲಿನವರೆಗೆ ಕರೆತರುತ್ತೆ. ಖಾಸಗಿ ಫರ್ಮ್‌ನ ನೇಮಕಾತಿಗೆ ಅದು ಅನ್ವಯಿಸೋದಿಲ್ಲ. ಹಾಗಾಗಿ ಶಾಲೆಯಲ್ಲಿ ಆಗಿದ್ದ ಅಂತರವನ್ನು ಐದು ವರ್ಷದಲ್ಲಿ ತುಂಬಬೇಕಿದ್ದ ಕಾಲೇಜು, ಮೊದಲ ವರ್ಷದಲ್ಲೇ ಆ ಅಂತರಕ್ಕೆ ಸಂಖ್ಯೆಯ ಮುದ್ರೆ ಒತ್ತಿ ಮಾರುಕಟ್ಟೆಗೆ ಕಳಿಸಿಕೊಡುತ್ತೆ. "ನಾವು ಜಾತಿ ನೋಡಲ್ಲ, ಮೆರಿಟ್ ನೋಡ್ತೀವಿ" ಅಂತ ಫರ್ಮ್ ಪ್ರಾಮಾಣಿಕವಾಗಿಯೇ ಹೇಳಬಹುದು. ನೋಡುವ ಅಗತ್ಯ ಅವರಿಗಿಲ್ಲ, ಅಂಕಪಟ್ಟಿ ಅವರ ಪರವಾಗಿ ಮೊದಲೇ ನೋಡಿಯಾಗಿದೆ.

ಇಷ್ಟು ಹೇಳಿದಮೇಲೆ ಒಂದು ದೊಡ್ಡ ತಿದ್ದುಪಡಿ. ಕರ್ನಾಟಕದ ಬಹುತೇಕ ಕಾನೂನು ವಿದ್ಯಾರ್ಥಿಗಳಿಗೆ ಈ ಡೇ ಝೀರೋ ಕಥೆಯೇ ಅನ್ವಯಿಸೋದಿಲ್ಲ. ಅವರು ಓದೋದು 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ. ಅಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಮಂಡ್ಯದ, ಗದಗದ, ಕಲಬುರಗಿಯ ಕಾಲೇಜಿನ ಗೇಟಿಗೆ ಆ ದೊಡ್ಡ ಫರ್ಮ್‌ಗಳು ಬರೋದೇ ಇಲ್ಲ. ಮೊದಲ ವರ್ಷ 80 ಪರ್ಸೆಂಟ್ ಬಂದರೂ ಬರೋಲ್ಲ, 45 ಬಂದರೂ ಬರೋಲ್ಲ. ಯೇಲ್‌ನ ಹೆಸರು ಗ್ರೇಡ್ ಇಲ್ಲದ ಕೊರತೆಯನ್ನು ಮುಚ್ಚುತ್ತದಲ್ಲ, ಅದೇ ನಾಣ್ಯದ ಇನ್ನೊಂದು ಮುಖ ಇದು. ಇಲ್ಲಿ ಕಾಲೇಜಿನ ಹೆಸರು ಎಂಥ ಗ್ರೇಡನ್ನೂ ನುಂಗಿಬಿಡುತ್ತೆ.

ತೆರೆದ ಬಾಗಿಲು, ಆದರೆ ಹೊಸ್ತಿಲು ಎತ್ತರ

"ಫರ್ಮ್ ಇಲ್ಲದಿದ್ದರೇನು, ಕೋರ್ಟಿಗೆ ಹೋಗು" ಅನ್ನೋ ಸಲಹೆ ಸುಲಭ. ಅರ್ಥವಿಲ್ಲದ ಸಲಹೆ ಏನಲ್ಲ. ವಕೀಲಿಕೆಯಲ್ಲಿ ಮೊದಲ ವರ್ಷದ ಸಿಜಿಪಿಎ ಯಾರೂ ಕೇಳೋದಿಲ್ಲ. ಯಾವ ಕಕ್ಷಿದಾರನೂ "ಟಾರ್ಟ್‌ನಲ್ಲಿ ಎಷ್ಟು ಬಂದಿತ್ತು ಸಾರ್?" ಅಂತ ಕೇಳಿ ವಕಾಲತ್ತಿಗೆ ಸಹಿ ಹಾಕೋಲ್ಲ. ಅದಕ್ಕಿಂತ ಮುಖ್ಯ, ನಮ್ಮ ಜಿಲ್ಲಾ, ತಾಲೂಕು ನ್ಯಾಯಾಲಯಗಳ ಭಾಷೆ ಕನ್ನಡ. ಸಾಕ್ಷಿ ಹೇಳೋದು ಕನ್ನಡದಲ್ಲಿ, ಪಾಟೀಸವಾಲು ಕನ್ನಡದಲ್ಲಿ. ಸಾಕ್ಷಿಯ ಒಂದು ಮಾತಿನ ಒಳಸುಳಿ ಹಿಡಿದು ಅಲ್ಲಲ್ಲೇ ಮರುಪ್ರಶ್ನೆ ಹಾಕೋ ಶಕ್ತಿ ಯಾವ ಪ್ರಾಜೆಕ್ಟಿನ ಅಡಿಟಿಪ್ಪಣಿಯಲ್ಲೂ ಕಾಣಿಸೋದಿಲ್ಲ. ಸಿಂಧನೂರಿನ ಹುಡುಗಿ ಅಲ್ಲಿ ಎಲ್ಲರಿಗಿಂತ ಎರಡು ಹೆಜ್ಜೆ ಮುಂದೆ.

ಹೈಕೋರ್ಟಿಗೆ ಬಂದರೆ ಮತ್ತೆ ಇಂಗ್ಲಿಷ್. ಸಂವಿಧಾನದ 348ನೇ ವಿಧಿ ಹಾಗೆ ಹೇಳುತ್ತೆ.

ಸಮಸ್ಯೆ ಇರೋದು ದುಡ್ಡಿನಲ್ಲಿ. ಕಿರಿಯ ವಕೀಲರಿಗೆ ಸೀನಿಯರ್‌ಗಳು ಕನಿಷ್ಠ ಇಷ್ಟಾದರೂ ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ. ಆದರೆ ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಬಸ್ಸು, ಕರಿ ಕೋಟು, ಗೌನು ಲೆಕ್ಕ ಹಾಕಿದರೆ 20,000ದಲ್ಲಿ ತಿಂಗಳ ಕೊನೆಗೆ ಏನು ಉಳಿಯುತ್ತೆ ಅಂತ ಹೇಳಬೇಕಿಲ್ಲ. ಅಷ್ಟೂ ಸಿಗದವರು ಎಷ್ಟೋ ಜನ. ಎಸ್‌ಸಿ, ಎಸ್‌ಟಿ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರದ ತರಬೇತಿ ಭತ್ಯೆ ಇದೆ. ಅರ್ಹರು ಕೇಳಿ ತಗೊಳ್ಳಬೇಕು, ಸಂಕೋಚ ಬೇಡ.

ನ್ಯಾಯಾಧೀಶರಾಗೋ ದಾರಿಯೂ ಈಗ ಇದೇ ಹೊಸ್ತಿಲಿಗೆ ಬಂದು ನಿಂತಿದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಮೊದಲ ವರ್ಷದ ಅಂಕವನ್ನು ನೋಡೋದೇ ಇಲ್ಲ. ಪ್ರಿಲಿಮ್ಸ್, ಮೇನ್ಸ್, ಮೌಖಿಕ. ಕರ್ನಾಟಕದ ಮೇನ್ಸ್‌ನಲ್ಲಿ ಕನ್ನಡ–ಇಂಗ್ಲಿಷ್ ಅನುವಾದದ ಪತ್ರಿಕೆಯೂ ಇದೆ. ಎರಡೂ ಭಾಷೆ ಬಲ್ಲವರಿಗೆ ಅದು ಅನುಕೂಲ. ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸಿನಂತೆ 2002ರಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷ ವಕೀಲಿಕೆ ಮಾಡಿರಬೇಕು ಅನ್ನೋ ಷರತ್ತನ್ನು ತೆಗೆದಿತ್ತು. ಕಾಲೇಜು ಮುಗಿಸಿ ನೇರ ಪರೀಕ್ಷೆ ಬರೆಯಬಹುದಿತ್ತು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಆ ಷರತ್ತನ್ನು ಮರಳಿ ತಂದಿತು. ಕೋರ್ಟಿನ ಅನುಭವವಿಲ್ಲದ ನ್ಯಾಯಾಧೀಶರಿಂದ ತೊಂದರೆ ಆಗುತ್ತಿದೆ ಅನ್ನೋ ಕಾರಣಕ್ಕೆ ತೂಕ ಇದೆ, ಅಲ್ಲಗಳೆಯೋಲ್ಲ. ಆದರೆ ಆ ಮೂರು ವರ್ಷ ಊಟಕ್ಕೇನು? ಅಪ್ಪ ವಕೀಲರಾಗಿದ್ದರೆ ಅವರ ಆಫೀಸು, ಅವರ ಮನೆ. ಇಲ್ಲದವರಿಗೆ ಆ ಸುತ್ತೋಲೆಯ 15,000, ಅದೂ ಸಿಕ್ಕರೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಫರ್ಮ್‌ನ ಬಾಗಿಲಿನಲ್ಲಿ ಕಡಿಮೆ ಅಂಕದ ಕಾರಣಕ್ಕೆ ಹಿಂದೆ ಸರಿದವರು ಹೆಚ್ಚಾಗಿ ಯಾರು? ಇಂಗ್ಲಿಷ್ ಶಾಲೆ, ಮನೆಯಲ್ಲಿ ಪುಸ್ತಕದ ಕಪಾಟು ಇಲ್ಲದವರು. ಅಂಕ ಕೇಳದ ಕೋರ್ಟಿನ ಬಾಗಿಲಿನಲ್ಲಿ ಮೂರು ವರ್ಷ ಕಾಯಲು ಆಗದವರು ಯಾರು? ಅವರೇ. ಕಡಿಮೆ ಅಂಕ ಬಂದ ವಕೀಲರ ಮಗನಿಗೆ ಅದೊಂದು ಬೇಸರದ ಸಂಗತಿ ಅಷ್ಟೇ. ಅದೇ ಅಂಕ ಬಂದ ಕೂಲಿಕಾರರ ಮಗಳಿಗೆ ಅದು ಇಡೀ ಹತ್ತು ವರ್ಷದ ದಿಕ್ಕು.

ಇವೆರಡರ ನಡುವೆ ಸಂಬಳವೂ ಇರುವ, ಮೊದಲ ವರ್ಷವನ್ನು ಕೆದಕದ ಕೆಲಸಗಳೂ ಇವೆ, ಅವುಗಳ ಪ್ರಚಾರ ಕಡಿಮೆ. ಸುಪ್ರೀಂ ಕೋರ್ಟು ತನ್ನ ನ್ಯಾಯಮೂರ್ತಿಗಳಿಗೆ ಲಾ ಕ್ಲರ್ಕ್‌ಗಳನ್ನು ಲಿಖಿತ ಪರೀಕ್ಷೆ, ಸಂದರ್ಶನದ ಮೂಲಕ ತಗೊಳ್ಳುತ್ತೆ. 2024ರ ಅಧಿಸೂಚನೆಯಲ್ಲಿ ತಿಂಗಳಿಗೆ 80,000 ರೂಪಾಯಿ ಇತ್ತು. 2025ರ ತೀರ್ಪಿನ ಪ್ರಕಾರ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಆ ಮೂರು ವರ್ಷದ ಲೆಕ್ಕಕ್ಕೆ ಸೇರುತ್ತೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ಸಾರ್ವಜನಿಕ ಉದ್ದಿಮೆಗಳು ಕಾನೂನು ಅಧಿಕಾರಿಗಳನ್ನು ಸ್ನಾತಕೋತ್ತರ ಕ್ಲ್ಯಾಟ್ ಅಂಕದ ಮೇಲೆ ಆರಿಸುತ್ತವೆ. ಮೊದಲ ವರ್ಷದ ಪ್ರಾಜೆಕ್ಟಿಗೆ ಅಲ್ಲಿ ಜಾಗವೇ ಇಲ್ಲ.

ಹಾಗಾದರೆ 5 ಬಂದವರು ಈಗ ಏನು ಮಾಡಬೇಕು? ಮೊದಲು ನಿಯಮ ಓದಿ: ನಿಮ್ಮಲ್ಲಿ ಮರುಮೌಲ್ಯಮಾಪನ, ಇಂಪ್ರೂವ್‌ಮೆಂಟ್ ಪರೀಕ್ಷೆ ಇದೆಯಾ, ಕೊನೆ ದಿನ ಯಾವುದು. ಫಲಿತಾಂಶದ ದುಃಖದಲ್ಲಿ ಆ ದಿನ ದಾಟಿಬಿಡೋದೇ ಹೆಚ್ಚು. ಎರಡನೆಯದು, ಸಿವಿಯಲ್ಲಿ ಒಟ್ಟು ಸಿಜಿಪಿಎ ಒಂದನ್ನೇ ಬರೆಯಬೇಡಿ, ವರ್ಷವಾರು ಬರೆಯಿರಿ. 5, 6.8, 7.9 ಅನ್ನೋ ಸಾಲು ತಾನೇ ಮಾತಾಡುತ್ತೆ. ಸುಳ್ಳು ಮಾತ್ರ ಬೇಡ, ಕೆಲಸ ಕೊಟ್ಟಮೇಲೆ ಅಂಕಪಟ್ಟಿ ಕೇಳ್ತಾರೆ. ಮಧ್ಯಮ ಗಾತ್ರದ ಫರ್ಮ್‌ಗಳು, ಕಂಪನಿಗಳ ಕಾನೂನು ವಿಭಾಗ, ತೆರಿಗೆ, ಕಾರ್ಮಿಕ ಕಾನೂನಿನ ಸಣ್ಣ ಆಫೀಸುಗಳಿಗೆ ಅರ್ಜಿ ಹಾಕಿ. ಅಲ್ಲಿ ಸಿವಿಯನ್ನು ಜರಡಿ ಹಿಡಿಯುವ ಬದಲು ಮನುಷ್ಯರೇ ಓದುವ ಸಾಧ್ಯತೆ ಹೆಚ್ಚು.

ಆದರೆ ಇಷ್ಟನ್ನೂ ವಿದ್ಯಾರ್ಥಿಯ ತಲೆಗೇ ಕಟ್ಟಿ ಕೈತೊಳೆದುಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ಮೊದಲ ವರ್ಷ, ಕನಿಷ್ಠ ಮೊದಲ ಸೆಮಿಸ್ಟರು, ಪಾಸ್–ಫೇಲ್ ಮಾಡಿ ಅಂತ ಕೇಳಬಹುದು. ಯೇಲ್ ಮಾಡಿರುವಾಗ ನಾಗರಭಾವಿಯಲ್ಲಿ ಯಾಕಾಗಬಾರದು? ಹೆಸರಿನ ಬಲ ಇರೋ ಸಂಸ್ಥೆಗಳೇ ಮೊದಲು ಮಾಡಬೇಕಾದ ಕೆಲಸ ಇದು. ನೇಮಕಾತಿ ನಡೆಸೋದು ವಿದ್ಯಾರ್ಥಿ ಸಮಿತಿಗಳೇ ಆಗಿರೋದರಿಂದ, ಮೂರನೇ ವರ್ಷದ ಫಲಿತಾಂಶ ಬರುವ ಮುಂಚೆ ಯಾವ ಫರ್ಮ್‌ಗೂ ಪಟ್ಟಿ ಕೊಡೋದಿಲ್ಲ ಅಂತ ಹಳೆಯ ಐದಾರು ಕಾನೂನು ಶಾಲೆಗಳ ಸಮಿತಿಗಳು ಒಟ್ಟಿಗೆ ನಿರ್ಧರಿಸಿದರೆ ಫರ್ಮ್‌ಗಳು ಬೇರೆಲ್ಲಿಗೆ ಹೋಗುತ್ತವೆ? ಒಂದೇ ಕಾಲೇಜು ಮಾಡಿದರೆ ಸೋಲುತ್ತೆ, ಅಮೆರಿಕದ ಕಥೆ ಅದನ್ನೇ ಹೇಳೋದು. ಜೊತೆಗೆ ಪ್ಲೇಸ್‌ಮೆಂಟ್ ವರದಿಯಲ್ಲಿ "ಅತ್ಯಧಿಕ ಪ್ಯಾಕೇಜ್" ಅಂತ ದಪ್ಪಕ್ಷರದಲ್ಲಿ ಹಾಕುವವರು, ಮೀಸಲಾತಿಯಡಿ ಬಂದವರಲ್ಲಿ, ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನೋದನ್ನೂ ಹೆಸರಿಲ್ಲದೆ ಪ್ರಕಟಿಸಲಿ. ಕಾಲೇಜು ಚುನಾವಣೆಯಲ್ಲಿ ಮತ ಕೇಳೋಕೆ ಬರೋರನ್ನು ಈ ಮೂರು ಪ್ರಶ್ನೆ ಕೇಳಿ ನೋಡಿ.

ಆರಂಭದಲ್ಲಿ ಹೇಳಿದ ಹುಡುಗಿಯ ಸಿವಿಯನ್ನು ಮೊನ್ನೆ ಇಬ್ಬರೂ ಕೂತು ತಿದ್ದಿದೆವು. ಎರಡು ಪುಟ ಇತ್ತು, ಒಂದಕ್ಕೆ ಇಳಿಸಿದೆವು. ರಜೆಯಲ್ಲೇನು ಮಾಡಿದೆ ಅಂತ ಕೇಳಿದರೆ, ಊರಿನ ಕೋರ್ಟಿನಲ್ಲಿ ವಕೀಲರೊಬ್ಬರ ಜೊತೆ ಆರು ವಾರ ಓಡಾಡಿದ್ದೆ, ಒಂದು ಪಾಲುದಾವೆಯಲ್ಲಿ ಸಾಕ್ಷಿಗಳ ಹೇಳಿಕೆಯೆಲ್ಲ ಓದಿ ಎಲ್ಲೆಲ್ಲಿ ಒಂದಕ್ಕೊಂದು ತಾಳೆ ಆಗಲ್ಲ ಅಂತ ಪಟ್ಟಿ ಮಾಡಿಕೊಟ್ಟಿದ್ದೆ ಅಂದಳು. ಅದು ಸಿವಿಯಲ್ಲಿ ಎಲ್ಲೂ ಇರಲಿಲ್ಲ. ಯಾಕೆ ಬರೆದಿಲ್ಲ ಅಂದೆ.

"ಅದು ಎಲ್ಲಾ ಕನ್ನಡದಲ್ಲಿತ್ತಲ್ಲ ಅಕ್ಕಾ" ಅಂದಳು.